ಕೊನೆಯ ಕಂಬದ ಮನೆ

ಫರಂಗಿಪೇಟೆಯಲ್ಲಿ ಹೆದ್ದಾರಿಯಿಂದ ನೇತ್ರಾವತಿಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ನನ್ನ ಅಜ್ಜನ ಮನೆ. ಟ್ರಾನ್ಸ್‌ಫಾರ್ಮರಿನಿಂದ ಲೆಕ್ಕ ಹಾಕಿದರೆ ಎರಡನೇ ಕಂಬ ನಮ್ಮದು. ಅಲ್ಲಿಂದ ತಂತಿ ಅಡಿಕೆ ತೋಟಗಳ ಬದಿಯಲ್ಲಿ ಸಾಗಿ ಒಂಬತ್ತನೇ ಕಂಬದಲ್ಲಿ ಮುಗಿಯುತ್ತಿತ್ತು. ಆ ಕೊನೆಯ ಕಂಬದ ಹತ್ತಿರ ಹೆಂಚಿನ ಒಂದು ಸಣ್ಣ ಮನೆ. ಆ ಮನೆಯ ಅಕ್ಕ ಬೀಡಿ ಕಟ್ಟುತ್ತಿದ್ದರು. ಮಳೆಗಾಲ ಮುಗಿದ ಮೇಲೆ ನಮ್ಮ ತೋಟದ ಕೆಲಸಕ್ಕೂ ಬರುತ್ತಿದ್ದರು. ಅವರ ಮಗಳು ನನ್ನದೇ ತರಗತಿಯವಳು.

2013ರ ಮಾರ್ಚ್. ನಮಗಿಬ್ಬರಿಗೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರುತ್ತಿದ್ದುದು ದಿನಕ್ಕೆ ಕೆಲವೇ ಗಂಟೆ, ಅದರಲ್ಲೂ ಅರ್ಧ ಪಾಲು ನಡುರಾತ್ರಿಯಲ್ಲಿ. ತೋಟ ಒಣಗುತ್ತಿತ್ತು. ಊರಿನ ಎಲ್ಲರಂತೆ ಅಜ್ಜನೂ ಕಂಡೆನ್ಸರ್ ಹಾಕಿಸಿ ಸಂಜೆಯ ಸಿಂಗಲ್ ಫೇಸಿನಲ್ಲೇ ಪಂಪು ಓಡಿಸುತ್ತಿದ್ದರು. ಏಳು ಗಂಟೆಗೆ ಓಣಿಯ ಪಂಪುಗಳು ಒಂದೊಂದಾಗಿ ಶುರುವಾದಾಗ ನಮ್ಮ ಮನೆಯ ಫ್ಯಾನು ತುಸು ನಿಧಾನವಾಗುತ್ತಿತ್ತು, ಅಷ್ಟೇ. ಒಂಬತ್ತನೇ ಕಂಬದಲ್ಲಿ ಟ್ಯೂಬ್‌ಲೈಟ್ ಹೊತ್ತುತ್ತಲೇ ಇರಲಿಲ್ಲ. ಎರಡು ತುದಿ ಮಾತ್ರ ಕೆಂಪಗೆ, ಜೊತೆಗೆ ಚೋಕಿನ ಗುಂಯ್ ಎನ್ನುವ ಸದ್ದು.

ಅಕ್ಕ ತೋಟದ ಆಚೆ ಬದಿಯಲ್ಲಿ ನಿಂತು ತುಳುವಿನಲ್ಲಿ ಕೂಗುತ್ತಿದ್ದರು: ಧನಿಗಳೇ, ಪಂಪು ಒಂದು ಗಳಿಗೆ ನಿಲ್ಲಿಸಬಹುದಾ, ಇವಳಿಗೆ ಓದಲಿಕ್ಕಾಗುವುದಿಲ್ಲ. ಕೆಲವು ದಿನ ಅಜ್ಜ ನಿಲ್ಲಿಸುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಸ್ವಿಚ್ ತೆಗೆದು ಅಲ್ಲಿಗೆ ಹೋಗಿ ನೋಡಿ ಬಾ. ನಮ್ಮ ಪಂಪಿನಿಂದಲಾ ಅಂತ ನೋಡುವ" ಎಂದರು. ನಾನು ಸ್ವಿಚ್ ತೆಗೆದು ಓಡಿದೆ. ಒಂಬತ್ತನೇ ಕಂಬದಲ್ಲಿ ಏನೂ ಬದಲಾಗಿರಲಿಲ್ಲ. ಟ್ಯೂಬಿನ ತುದಿಗಳು ಹಾಗೆಯೇ ಕೆಂಪಗಿದ್ದವು. ಕತ್ತಲಲ್ಲಿ ನಿಂತರೆ ಬೇರೆ ಐದಾರು ಪಂಪುಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ವಾಪಸು ಬಂದು ಹೇಳಿದೆ. "ನೋಡಿದೆಯಾ?" ಎಂದರು ಅಜ್ಜ, ಪಂಪು ಮತ್ತೆ ಹಾಕಿದರು. ಸತ್ಯ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ನಮ್ಮದೇನೂ ತಪ್ಪಿಲ್ಲ ಎಂದುಕೊಂಡು ಒಳಗೆ ಹೋಗಿ ಓದಲು ಕೂತೆ. ಬೆಳಕು ಚೆನ್ನಾಗಿಯೇ ಇತ್ತು.

ಆ ಸಮಾಧಾನ ಸರಿಯಾಗಿತ್ತೇ ಎನ್ನುವುದು ಈಗ ಹೆಚ್ಚುಕಡಿಮೆ ನನ್ನ ಪಿಎಚ್‌.ಡಿ. ವಿಷಯ. ತುಂಬ ಜನ ಸೇರಿ ಮಾಡುವ ಹಾನಿಯಲ್ಲಿ ಒಬ್ಬೊಬ್ಬರ ಹೊಣೆ ಎಷ್ಟು ಎಂಬ ಪ್ರಶ್ನೆ. ಇದರ ಬಗ್ಗೆ ಓದಲು ಹೊರಟವರೆಲ್ಲ ಬ್ರಿಟನ್ನಿನ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ 'ರೀಸನ್ಸ್ ಆ್ಯಂಡ್ ಪರ್ಸನ್ಸ್' ಪುಸ್ತಕದ ಬಳಿ ಒಮ್ಮೆ ನಿಲ್ಲಲೇಬೇಕು. ಅಲ್ಲಿ ಒಂದು ಕಲ್ಪಿತ ಪ್ರಸಂಗವಿದೆ. ಸಾವಿರ ಮಂದಿ ಹಿಂಸಕರು, ಸಾವಿರ ಮಂದಿ ಕೈದಿಗಳು. ಒಬ್ಬೊಬ್ಬ ಹಿಂಸಕ ಒಂದೊಂದು ಗುಂಡಿ ಒತ್ತುತ್ತಾನೆ. ಒಂದು ಗುಂಡಿಯಿಂದ ಪ್ರತಿ ಕೈದಿಯ ನೋವು ಹೆಚ್ಚುವುದು ಅವನಿಗೇ ತಿಳಿಯದಷ್ಟು ಕಡಿಮೆ. ಸಾವಿರವೂ ಒತ್ತಿದ ಮೇಲೆ ಮಾತ್ರ ನೋವು ಸಹಿಸಲಸಾಧ್ಯ. ಹಾಗಾದರೆ ತಪ್ಪು ಮಾಡಿದವರು ಯಾರು? ಯಾರೂ ಅಲ್ಲ ಎನ್ನುವುದು ಹುಚ್ಚುತನ. ನನ್ನ ಕ್ರಿಯೆಯ ಪರಿಣಾಮವನ್ನು ಬಿಡಿಯಾಗಿ ಅಳೆದು ಸೊನ್ನೆ ಎಂದು ಬರೆದುಕೊಳ್ಳುವುದೇ ತಪ್ಪು ಲೆಕ್ಕ, ಇತರರ ಕ್ರಿಯೆಗಳ ಜೊತೆ ಸೇರಿಸಿಯೇ ಅದನ್ನು ನೋಡಬೇಕು ಎನ್ನುತ್ತಾನೆ ಪಾರ್ಫಿಟ್.

ಇದನ್ನು ಮೊದಲ ಸಲ ಓದಿದಾಗ ಲೈಬ್ರರಿಯಲ್ಲಿ ನನಗೆ ಕೇಳಿಸಿದ್ದು ಚೋಕಿನ ಸದ್ದು.

ಆದರೆ ಅಜ್ಜ ಹಿಂಸಕರಲ್ಲ, ಅಡಿಕೆ ಬೆಳೆಗಾರ. ಅವರೊಬ್ಬರೇ ಪಂಪು ನಿಲ್ಲಿಸಿದ್ದರೆ ಅಕ್ಕನ ಮನೆಗೆ ಬೆಳಕು ಬರುತ್ತಿರಲಿಲ್ಲ, ನಮ್ಮ ತೋಟ ಮಾತ್ರ ಒಣಗುತ್ತಿತ್ತು. ಯಾರಿಗೂ ಉಪಯೋಗಕ್ಕೆ ಬಾರದ ತ್ಯಾಗವನ್ನು ಕರ್ತವ್ಯ ಎನ್ನಬಹುದೇ? ಗುಂಡಿ ಒತ್ತುವವನಿಗೆ ಒತ್ತದಿದ್ದರೆ ನಷ್ಟವೇನೂ ಇಲ್ಲ, ಅಜ್ಜನಿಗಿತ್ತು. ಆ ವ್ಯತ್ಯಾಸವನ್ನು ಮರೆತು ಪುಸ್ತಕದ ತೀರ್ಪನ್ನು ಅಜ್ಜನ ಮೇಲೆ ಹೊರಿಸಿದರೆ ಅದು ಲೈಬ್ರರಿಯ ತಂಪಿನಲ್ಲಿ ಕೂತವನ ಅನ್ಯಾಯ.

ವಿದ್ಯುತ್ತಿನ ಸ್ವಭಾವವೇ ಈ ತೊಡಕನ್ನು ಹುಟ್ಟಿಸುತ್ತದೆ. ಅಕ್ಕಿಯಂತೆ ಅದನ್ನು ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಎಷ್ಟು ಬೇಕೋ ಅಷ್ಟನ್ನು ಆ ಕ್ಷಣದಲ್ಲೇ ಹುಟ್ಟಿಸಬೇಕು. ಹಾಗಾಗಿ ಒಂದು ನಾಡಿನ ವಿದ್ಯುತ್ ವ್ಯವಸ್ಥೆಯನ್ನು ಕಟ್ಟುವುದು ಸರಾಸರಿ ದಿನಕ್ಕಲ್ಲ, ವರ್ಷದ ಅತಿ ಕಷ್ಟದ ಒಂದು ಗಂಟೆಗೆ. ಆ ಗಂಟೆಯನ್ನೇ ಪೀಕ್ ಅನ್ನುವುದು. ಅದೊಂದು ಗಂಟೆಗಾಗಿ ಕಟ್ಟಿದ ಸ್ಥಾವರಗಳು, ಎಳೆದ ತಂತಿಗಳು ಉಳಿದ ಹೊತ್ತು ಅರೆನಿದ್ದೆಯಲ್ಲಿರುತ್ತವೆ. ಕಟ್ಟದಿದ್ದರೆ ಆ ಗಂಟೆಯಲ್ಲಿ ಯಾರದಾದರೂ ಕರೆಂಟ್ ಹೋಗಬೇಕು. ಯಾರದು ಎಂಬ ಪ್ರಶ್ನೆಗೆ ಎಂಜಿನಿಯರಿಂಗ್‌ನಲ್ಲಿ ಉತ್ತರವಿಲ್ಲ.

ನಮ್ಮ ಆ ಪಂಪನ್ನು ಕೊಂಡದ್ದು ಮಾವ ಕುವೈತಿನಿಂದ ಕಳಿಸಿದ ಹಣದಲ್ಲಿ. ಅಮ್ಮನ ತಮ್ಮ ಅವರು. ಬಂಟ್ವಾಳದ ಆಚೀಚೆಯ ಊರುಗಳಲ್ಲಿ ಕೊಲ್ಲಿ ದೇಶದ ನಂಟಿಲ್ಲದ ಓಣಿ ಹುಡುಕುವುದು ಕಷ್ಟ. ನಮ್ಮ ಓಣಿಯಲ್ಲಂತೂ ಮೂರು ಮನೆಗೊಬ್ಬರು. ಮಾವ ಹೋಗಿದ್ದು ಎಸಿ ಮೆಕ್ಯಾನಿಕ್ ಆಗಿ, ಇದ್ದದ್ದು ಹತ್ತೊಂಬತ್ತು ವರ್ಷ. ಪೀಕ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ.

ಕುವೈತಿನ ಬೇಸಿಗೆ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. 2016ರ ಜುಲೈ 21ರಂದು ಅಲ್ಲಿನ ಮಿತ್ರಿಬಾದಲ್ಲಿ ದಾಖಲಾದ ತಾಪಮಾನ 53.9 ಡಿಗ್ರಿ ಸೆಲ್ಸಿಯಸ್. ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದೆ. ಅಂಥ ಮಧ್ಯಾಹ್ನಗಳಲ್ಲಿ ದೇಶದ ವಿದ್ಯುತ್ ಬೇಡಿಕೆಯ ಸುಮಾರು 70 ಶೇಕಡಾ ಎಸಿಗಳದ್ದೇ. ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರಗೆ ಬಿಸಿಯೇರಿದಷ್ಟೂ ಆ ಹೊರೆ ಹೊರುವುದು ಕಷ್ಟವಾಗಿ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಎಸಿ ಕೈಕೊಡುವುದೂ ಅದೇ ಹೊತ್ತಿನಲ್ಲಿ. "ಪೀಕ್ ಅಂದರೆ ನಮಗೆ ತಾರಸಿ" ಎನ್ನುತ್ತಿದ್ದರು ಮಾವ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಅಲ್ಲಿದೆ. ಒಳ್ಳೆಯ ನಿಯಮ. ಆದರೆ ಯಾರದೋ ಮನೆಯಲ್ಲಿ ಮಗು ಅಳುತ್ತಿದೆ, ಎಸಿ ನಿಂತಿದೆ ಎಂದು ಫೋನ್ ಬಂದರೆ ಮೆಕ್ಯಾನಿಕ್ ಏನು ಮಾಡಬೇಕು? ಹತ್ತಾರು ಯೂನಿಟ್‌ಗಳು ಬಿಸಿಗಾಳಿ ಉಗುಳುವ ತಾರಸಿಯಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಸ್ಪ್ಯಾನರ್ ಹಿಡಿಯಬೇಕು. ಮನೆಯವರು ಒಳಗಿನಿಂದ ತಣ್ಣೀರು ಕಳಿಸುತ್ತಿದ್ದರು, ಒಳ್ಳೆಯ ಜನ ಎಂದು ಮಾವ ಪ್ರತಿ ಸಲವೂ ಸೇರಿಸುತ್ತಾರೆ. ಒಳ್ಳೆಯ ಜನವೇ. ಅವರ ಕೋಣೆಯ ಬಿಸಿ ಹೋಗಿ ಸೇರುವ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ ಎನ್ನುವುದು ಅವರ ಕೋಣೆಯಿಂದ ಕಾಣುವುದಿಲ್ಲ, ಅಷ್ಟೇ.

ಆ ದೇಶದಲ್ಲಿ ನಾಗರಿಕರ ಸ್ವಂತ ಮನೆಗಳಿಗೆ ಒಂದು ಯೂನಿಟ್ ವಿದ್ಯುತ್ತಿಗೆ 2 ಫಿಲ್ಸ್, ಅಂದರೆ ಅರವತ್ತು ಪೈಸೆಗೂ ಕಡಿಮೆ. 1966ರಿಂದ ಈ ದರ ಬದಲಾಗಿಲ್ಲ. 2017ರಲ್ಲಿ ದರ ಏರಿದಾಗಲೂ ಆ ಮನೆಗಳಿಗೆ ವಿನಾಯಿತಿ ಸಿಕ್ಕಿತು. ಹೊರದೇಶದವರು ಬಾಡಿಗೆಗಿರುವ ಅಪಾರ್ಟ್‌ಮೆಂಟುಗಳಿಗೆ 5 ಫಿಲ್ಸ್ ಆಯಿತು. ತೈಲದ ಮೇಲೆ ಕೂತ ದೇಶ ಬೇಸಿಗೆಯ ಪೀಕ್‌ಗಾಗಿ 2009ರಿಂದ ಹೊರಗಿನ ಅನಿಲವನ್ನೂ ಆಮದು ಮಾಡಿಕೊಳ್ಳುತ್ತಿದೆ. 2024ರ ಬೇಸಿಗೆಗೆ ನೆರೆಯ ಕೊಲ್ಲಿ ರಾಷ್ಟ್ರಗಳ ಜಾಲದಿಂದ 500 ಮೆಗಾವ್ಯಾಟ್ ಕೊಂಡಿತು. ಆದರೂ ಸಾಲಲಿಲ್ಲ. ಆ ವರ್ಷದ ಜೂನ್‌ನಲ್ಲಿ ಹಗಲಿನ ಹೊತ್ತು ಸರದಿಯ ಮೇಲೆ ಕರೆಂಟ್ ತೆಗೆಯುವುದಾಗಿ ಸರ್ಕಾರ ಘೋಷಿಸಿತು. ಆಗ ಊರಿಗೆ ಮರಳಿದ್ದ ಮಾವ ಟಿ.ವಿ. ಮುಂದೆ ಕೂತು, "ಅಲ್ಲೂ ಲೋಡ್ ಶೆಡ್ಡಿಂಗಾ!" ಎಂದು ನಕ್ಕದ್ದು ನೆನಪಿದೆ. ಆ ನಗುವಿನಲ್ಲಿ ಖುಷಿಯೂ ಇರಲಿಲ್ಲ.

2025ರ ಏಪ್ರಿಲ್‌ನಲ್ಲಿ ಮತ್ತೆ ಕಡಿತ. ಮಸೀದಿಗಳಲ್ಲೂ ಎರಡು ನಮಾಜುಗಳ ನಡುವೆ ಕರೆಂಟ್ ತೆಗೆಯುವ, ನಮಾಜು ಚುಟುಕಾಗಿ ಮುಗಿಸುವ ಸೂಚನೆ ಹೋಯಿತು. ನನ್ನ ಕಣ್ಣಿಗೆ ಬಿದ್ದದ್ದು ಕಡಿತದ ಪಟ್ಟಿಯ ಕ್ರಮ. ಮೊದಲು ವಫ್ರಾ, ಅಬ್ದಲಿಯಂಥ ಕೃಷಿ ಪ್ರದೇಶಗಳು ಮತ್ತು ಕೈಗಾರಿಕಾ ವಲಯಗಳು. ಅದೂ ಸಾಲದಾದ ಮೇಲೆ ಜನವಸತಿಯ ಬಡಾವಣೆಗಳು. ಆಡಳಿತದ ದೃಷ್ಟಿಯಿಂದ ತರ್ಕ ಇದೆ. ಮನೆಗಿಂತ ತೋಟ, ಗೋದಾಮು ಕಾಯಬಲ್ಲವು. ಆದರೆ ಆ ತೋಟ, ವರ್ಕ್‌ಶಾಪುಗಳ ಕೋಣೆಗಳಲ್ಲಿ ಇರುವವರು ಯಾರು? ಮಾವನನ್ನು ಕೇಳಿದೆ. "ನಮ್ಮವರೇ. ಬಂಗಾಳಿಗಳು, ಈಜಿಪ್ಟಿನವರು, ನಮ್ಮವರು" ಎಂದರು. ಭೂಪಟದಲ್ಲಿ ತೋಟ ಎಂದು ಬರೆದಿರುವ ಜಾಗದಲ್ಲಿ ಮನುಷ್ಯರು ಮಲಗುತ್ತಾರೆ.

ಪೀಕ್ ಇಳಿಸುವ ಜಾಣ ಉಪಾಯಗಳು ಅಲ್ಲಿ ಇಲ್ಲವೆಂದಲ್ಲ. ಕಚೇರಿ ಕಟ್ಟಡವನ್ನು ಬೆಳಿಗ್ಗೆಯೇ ಚೆನ್ನಾಗಿ ತಣಿಸಿ, ನೌಕರರು ಹೊರಡುವ ತುಸು ಮೊದಲೇ ಎಸಿ ಇಳಿಸಿದರೆ ಗೋಡೆಗಳಲ್ಲಿ ಉಳಿದ ತಂಪೇ ಕೊನೆಯ ಗಂಟೆಯನ್ನು ಸಾಗಿಸುತ್ತದೆ. ಕುವೈತಿನ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಇದನ್ನು ಸರ್ಕಾರಿ ಕಟ್ಟಡಗಳಲ್ಲಿ ಮಾಡಿ ತೋರಿಸಿದೆ. ರಾತ್ರಿ ನೀರನ್ನು ತಣಿಸಿಟ್ಟು ಹಗಲಲ್ಲಿ ಬಳಸುವ ವಿಧಾನವೂ ಕೊಲ್ಲಿಯಲ್ಲಿ ಬಳಕೆಯಲ್ಲಿದೆ. ಯಾರನ್ನೂ ನೋಯಿಸದ ಇಂಥ ದಾರಿಗಳಿರುವಾಗ ಅವನ್ನು ಬಿಟ್ಟು ನೇರ ಕಡಿತಕ್ಕೆ ಹೋಗುವುದು ಸೋಮಾರಿತನ. ನನ್ನ ಪ್ರಶ್ನೆ ಇರುವುದು ಈ ಉಪಾಯಗಳೆಲ್ಲ ಮುಗಿದ ಮೇಲೂ ಉಳಿಯುವ ಕೊರತೆಯ ಬಗ್ಗೆ.

ನಮ್ಮಲ್ಲಿ ಆ ಕೊರತೆ ಬರಿಗಣ್ಣಿಗೆ ಕಂಡದ್ದು 2023ರ ಅಕ್ಟೋಬರ್‌ನಲ್ಲಿ. ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವಾಗಿದ್ದವು. ಜಲಾಶಯಗಳು ಅರೆಖಾಲಿ. ಸಾಮಾನ್ಯವಾಗಿ ಆ ತಿಂಗಳಲ್ಲಿ ವಿಶ್ರಾಂತಿಯಲ್ಲಿರುವ ಪಂಪುಗಳು ಬೇಗನೆ ಚಾಲೂ ಆದವು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ಮಾರಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬುಗಳಿಂದ ಆಮೇಲೆ ಮರಳಿಸುವ ಮಾತಿನ ಮೇಲೆ ಕರೆಂಟ್ ಸಾಲ ತಂದಿತು. ಕೃಷಿ ಪಂಪುಗಳಿಗೆ ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ರೈತರು ಬೀದಿಗಿಳಿದರು. ನವೆಂಬರ್‌ನಲ್ಲಿ ಮತ್ತೆ ಏಳು ಗಂಟೆಯಾಯಿತು. ಆ ವಾರಗಳಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಮಾಲ್‌ಗಳ ಎಸ್ಕಲೇಟರ್ ಒಂದು ದಿನವೂ ನಿಂತದ್ದು ನೋಡಲಿಲ್ಲ.

ಇಂಥ ಹೊತ್ತಿನಲ್ಲಿ ಅರ್ಥಶಾಸ್ತ್ರ ಓದಿದ ಗೆಳೆಯರು ಕೊಡುವ ಉತ್ತರ ಒಂದೇ: ಪುಕ್ಕಟೆ ಕೊಟ್ಟದ್ದೇ ತಪ್ಪು, ಪೀಕ್ ಹೊತ್ತಿಗೆ ದುಬಾರಿ ಮಾಡಿ, ಜನ ತಾವಾಗಿ ಕಡಿಮೆ ಬಳಸುತ್ತಾರೆ. ಕರ್ನಾಟಕದಲ್ಲಿ 10 ಎಚ್‌.ಪಿ.ವರೆಗಿನ ಪಂಪಿಗೆ ವಿದ್ಯುತ್ ಉಚಿತ. ಕುವೈತಿನಲ್ಲಿ ಉಚಿತದಷ್ಟೇ ಅಗ್ಗ. ಎರಡೂ ಕಡೆ ಪೋಲಾಗುತ್ತದೆ, ನಿಜ. ನಮ್ಮ ತೋಟದಲ್ಲೇ ಪಂಪು ಹಾಕಿ ಮರೆತು ನೀರು ತೋಡಿಗೆ ಹರಿದು ಹೋದ ದಿನಗಳಿವೆ. ದೊಡ್ಡ ಕಾರ್ಖಾನೆಗಳಿಗೆ ಹೊತ್ತಿಗೊಂದು ದರ ಇಡುವುದೂ ಸರಿಯೇ, ಅವು ಪಾಳಿ ಬದಲಿಸಿಕೊಳ್ಳಬಲ್ಲವು. ಆದರೆ ಬೆಲೆ ಒಂದನ್ನೇ ನೆಚ್ಚಿದರೆ, ಸಂಜೆ ಏಳಕ್ಕೆ ಎಸಿ ಇದ್ದವನು ದುಡ್ಡು ಕೊಟ್ಟು ಎಸಿ ಓಡಿಸುತ್ತಾನೆ, ಬೀಡಿ ಕಟ್ಟುವ ಅಕ್ಕ ಲೈಟು ಆರಿಸುತ್ತಾರೆ. ಬೆಲೆಯ ಕಿವಿಗೆ ಅವನ ಬೇಡಿಕೆ ಜೋರಾಗಿ ಕೇಳುತ್ತದೆ, ಅಕ್ಕನದು ಕೇಳುವುದೇ ಇಲ್ಲ. ಯಾರಿಗೆ ಎಷ್ಟು ಅಗತ್ಯ ಎಂಬ ಪ್ರಶ್ನೆ ಯಾರ ಬಳಿ ಎಷ್ಟಿದೆ ಎಂಬ ಪ್ರಶ್ನೆಯಾಗಿ ಬದಲಾದದ್ದು ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಬೇರೆ ದಾರಿ? ನನ್ನ ಅಜ್ಜ ತಮ್ಮ ಬಾಲ್ಯದ ಕಟ್ಟದ ಬಗ್ಗೆ ಹೇಳುತ್ತಾರೆ. ಮಳೆಗಾಲ ಮುಗಿದು ತೋಡಿನ ಸೆಳವು ಇಳಿದಾಗ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವುದು, ನಿಂತ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಸರದಿಯ ಮೇಲೆ ಗದ್ದೆ ತೋಟಗಳಿಗೆ ಬಿಡುವುದು. ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನ ಕಡೆಯೂ ಇಂಥ ಕಟ್ಟಗಳು ಇಂದಿಗೂ ಅಲ್ಲಲ್ಲಿ ಇವೆ. ಯಾರ ಸರದಿ ಎಂದು ಎಲ್ಲರಿಗೂ ಗೊತ್ತು, ಕದ್ದು ತಿರುಗಿಸಿದರೆ ಬೆಳಿಗ್ಗೆ ಮಣ್ಣಿನ ಮೇಲೆ ಹೆಜ್ಜೆ ಕಾಣುತ್ತದೆ. ಎಲಿನಾರ್ ಆಸ್ಟ್ರಮ್ 2009ರಲ್ಲಿ ನೊಬೆಲ್ ಪಡೆದದ್ದು ಹೆಚ್ಚುಕಡಿಮೆ ಇದನ್ನೇ ಜಗತ್ತಿನ ಹಲವು ಕಡೆ ಕೂತು ಕಲಿತದ್ದಕ್ಕೆ: ಸರ್ಕಾರವೂ ಮಾರುಕಟ್ಟೆಯೂ ಇಲ್ಲದೆ ಜನ ಹಂಚಿಕೊಳ್ಳಬಲ್ಲರು, ನಿಯಮ ಅವರದಾಗಿದ್ದರೆ, ಉಲ್ಲಂಘನೆ ಕಣ್ಣಿಗೆ ಬೀಳುವಂತಿದ್ದರೆ. ನೀರಿಗೆ ಸರದಿ ಇಟ್ಟುಕೊಂಡ ಅದೇ ಜನ ಕರೆಂಟಿಗೆ ಯಾಕೆ ಇಡಲಿಲ್ಲ? ಏಳು ಪಂಪುಗಳು ದಿನಕ್ಕೆರಡರಂತೆ ಓಡಿದ್ದರೆ ಒಂಬತ್ತನೇ ಕಂಬದಲ್ಲಿ ಟ್ಯೂಬ್‌ಲೈಟ್ ಹೊತ್ತುತ್ತಿತ್ತು. ಅಜ್ಜನ ತಪ್ಪೇನಾದರೂ ಇದ್ದರೆ ಅದು ಒಬ್ಬರೇ ಪಂಪು ನಿಲ್ಲಿಸದೇ ಇದ್ದದ್ದಲ್ಲ, ಉಳಿದ ಆರು ಮನೆಗಳಿಗೆ ಹೋಗಿ ಈ ಮಾತು ಎತ್ತದೇ ಇದ್ದದ್ದು ಎಂದು ನಾನು ಬಹಳ ದಿನ ವಾದಿಸುತ್ತಿದ್ದೆ. ಪ್ರಬಂಧದ ಒಂದು ಅಧ್ಯಾಯವನ್ನೂ ಹಾಗೆಯೇ ಬರೆದೆ.

ಆ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. ಕಾರಣ, ಕೊನೆಯ ಕಂಬದ ಮನೆಯ ಅದೇ ಹುಡುಗಿ. ಅವಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಪೂರಕ ಪರೀಕ್ಷೆ ಬರೆದು ಪಾಸಾಗಿ ಓದು ಮುಂದುವರಿಸಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಗಣಿತ ಹೋದದ್ದು ಪಂಪಿನಿಂದ ಎಂದು ಯಾರೂ ಸಾಧಿಸಲಾರರು. ಲೈಟಿದ್ದೂ ಫೇಲಾದವರು ನಮ್ಮ ತರಗತಿಯಲ್ಲಿ ಎಷ್ಟೋ ಮಂದಿ. ಕಳೆದ ವರ್ಷ ಬಸ್ಸಿನಲ್ಲಿ ಸಿಕ್ಕಾಗ ಸರದಿಯ ನನ್ನ ವಾದವನ್ನು ಅವಳಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಕೇಳಿಸಿಕೊಂಡು, "ಅಮ್ಮ ಕೂಗುವುದು ನಿಲ್ಲಿಸಿದ್ದು ಯಾವಾಗ ಅಂತ ನಿನಗೆ ನೆನಪುಂಟಾ?" ಎಂದಳು. ನನಗೆ ನೆನಪಿರಲಿಲ್ಲ. ನೀನು ಬಂದು ನೋಡಿ ಹೋದ ಮಾರನೇ ದಿನದಿಂದ ಎಂದಳು. ಅಜ್ಜ ಬೈದಿದ್ದರಾ ಎಂದು ಕೇಳಿದೆ. "ಇಲ್ಲಪ್ಪ, ಒಂದು ದಿನವೂ ಬೈದವರಲ್ಲ. ಆದರೆ ಹುಡುಗನನ್ನು ಕಳಿಸಿ ಪರೀಕ್ಷೆ ಮಾಡಿಸಿದರಲ್ಲ, ಇನ್ನು ಕೂಗಿದರೆ ನಾಳೆ ತೋಟಕ್ಕೆ ಕರೆಯದಿದ್ದರೆ ಅಂತ ಅಮ್ಮನಿಗೆ."

ನಮ್ಮ ಮನೆಯಲ್ಲಿ ಆ ಮೌನವನ್ನು ನಾವು ಅರ್ಥ ಮಾಡಿಕೊಂಡದ್ದು ಬೇರೆ ರೀತಿ. ಕೂಗು ನಿಂತಿತು ಎಂದರೆ ಲೈಟ್ ಸರಿಯಾಗಿರಬೇಕು.

ಕಟ್ಟದ ಸರದಿಯ ಬಗ್ಗೆ ನಾನು ಬರೆದದ್ದರಲ್ಲಿ ಬಿಟ್ಟುಹೋದದ್ದು ಇದೇ. ಆ ಸರದಿಯಲ್ಲಿ ಪಾಲಿದ್ದದ್ದು ಭೂಮಿ ಸಾಗುವಳಿ ಮಾಡುವವರಿಗೆ. ಅಕ್ಕನ ಹಿರಿಯರು ಆ ಕಟ್ಟಕ್ಕೆ ಮಣ್ಣು ಹೊತ್ತವರು, ಅವರಿಗೆ ಸರದಿ ಇರಲಿಲ್ಲ. ಅಷ್ಟೇಕೆ, ಅಜ್ಜನೇ ಒಂದು ಕಾಲಕ್ಕೆ ಗೇಣಿಯವರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದು ಡಿಕ್ಲರೇಶನ್ ಕೊಟ್ಟ ಮೇಲೆಯೇ ತೋಟ ಅವರ ಹೆಸರಿಗಾದದ್ದು. ಅದಕ್ಕೂ ಮೊದಲು ಧನಿಯ ಮನೆಯ ಅಂಗಳದಲ್ಲಿ ತಾನೂ ಬಾಯಿ ಮುಚ್ಚಿ ನಿಂತದ್ದನ್ನು ಅಜ್ಜ ಎಷ್ಟೋ ಸಲ ಹೇಳಿದ್ದಾರೆ. ಧನಿ ಎಂದು ಅವರನ್ನು ಇನ್ನೊಬ್ಬರು ಕರೆಯಲು ಶುರುಮಾಡಿದ ಮೇಲೆ ಎದುರಿನ ಮೌನ ಅವರಿಗೆ ಕೇಳಿಸದೆ ಹೋಯಿತು. ನನಗೂ.

ಹಾಗಾಗಿ ಪೀಕ್ ಹೊತ್ತನ್ನು ನಿಭಾಯಿಸುವ ಯಾವ ವ್ಯವಸ್ಥೆಯನ್ನು ನೋಡಿದರೂ ಎಷ್ಟು ಮೆಗಾವ್ಯಾಟ್ ಉಳಿಯಿತು ಎನ್ನುವುದರ ಜೊತೆಗೆ ನಾನೀಗ ಕೇಳುವುದು ಒಂದು: ಇದರಲ್ಲಿ ಯಾರ ಬೆಳಕು ಹೋಗುತ್ತದೆಯೋ ಅವರು ಹೆದರದೆ ಕೂಗಬಲ್ಲರೇ? 2023ರಲ್ಲಿ ರೈತರು ಕೂಗಿದರು, ಏಳು ಗಂಟೆ ಮರಳಿ ಬಂತು. ವಫ್ರಾದ ತೋಟದ ಕೂಲಿಯವನು ಕೂಗಲಾರ. ಅವನ ವೀಸಾ ಧನಿಯ ಕೈಯಲ್ಲಿದೆ. ಎರಡು ಕಡೆಯ ಕಡಿತ ಒಂದೇ ಎರಡು ಗಂಟೆಯದ್ದಾದರೂ ನನ್ನ ಲೆಕ್ಕದಲ್ಲಿ ಅವು ಒಂದೇ ಅಲ್ಲ.

ಎಲ್ಲ ನಿರ್ವಹಣೆಯೂ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೊರೆ ದಾಟಿಸುವುದೇ ಎಂದುಕೊಳ್ಳಬೇಡಿ. ಸೌರ ವಿದ್ಯುತ್ ಬಂದ ಮೇಲೆ ಒಂದು ಒಳ್ಳೆಯದಾಗಿದೆ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥವು ಹಗಲಲ್ಲಿ ಕರೆಂಟ್ ಸುರಿಯತೊಡಗಿದ್ದರಿಂದ ಪಂಪುಗಳ ಹೊತ್ತು ರಾತ್ರಿಯಿಂದ ಹಗಲಿಗೆ ಸರಿಯುತ್ತಿದೆ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹಾವಿಗೆ ಹೆದರುತ್ತ ತೋಟಕ್ಕೆ ಹೋಗಿದ್ದವರಿಗೆ ಇದರ ಬೆಲೆ ಗೊತ್ತು. ನಮ್ಮ ಓಣಿಗೂ ಹೊಸ ಟ್ರಾನ್ಸ್‌ಫಾರ್ಮರ್ ಬಂದಿದೆ, ಒಂಬತ್ತನೇ ಕಂಬದ ಹತ್ತಿರವೇ. ಕಂಡೆನ್ಸರ್ ಹಳೆ ಸಾಮಾನಿನ ಕೋಣೆಯಲ್ಲಿದೆ.

ಆದರೆ ಸೂರ್ಯ ಮುಳುಗುವ ಹೊತ್ತಿಗೇ ನಾವೆಲ್ಲ ಮನೆಗೆ ಬಂದು ಸ್ವಿಚ್ ಒತ್ತುತ್ತೇವೆ. ಹಗಲಿನ ಬಿಸಿಲನ್ನು ಸಂಜೆಗೆ ಉಳಿಸುವುದು ಹೇಗೆ? ಅದಕ್ಕಾಗಿ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಅಗ್ಗದ ಕರೆಂಟಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಎತ್ತಲು ಬೇಕಾದದ್ದು ಇಳಿದಾಗ ಸಿಗುವುದಕ್ಕಿಂತ ಹೆಚ್ಚು, ಲಾಭವೆಲ್ಲ ಹೊತ್ತಿನದು. ಸುರಂಗ ಕೊರೆಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದ ನಡುವೆ. ಇದೇ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎದ್ದು ಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾ. ಡಿಸೋಜ ಅವರ 'ಮುಳುಗಡೆ' ಓದಿದವರಿಗೆ ಆ ಜನ ಅಪರಿಚಿತರಲ್ಲ. ನಮ್ಮ ಹತ್ತಿರವೇ, ಮೂಡುಬಿದಿರೆ, ಬಂಟ್ವಾಳದ ತೋಟಗಳ ಮೇಲೆ ಹಾಯುವ ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗಕ್ಕೆ ಕೃಷಿಕರು ವರ್ಷಗಳಿಂದ ಅಡ್ಡ ನಿಂತಿದ್ದಾರೆ. ಅವರ ಕೂಗಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಸಿಂಗಳೀಕಕ್ಕೆ ಆ ಅನುಕೂಲವೂ ಇಲ್ಲ. ಯೋಜನೆ ಬೇಡವೇ ಬೇಡ ಎಂದು ಒಂದೇ ಉಸಿರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಕಲ್ಲಿದ್ದಲು ಸುಡುವುದಕ್ಕಿಂತ ಇದು ವಾಸಿ ಎನ್ನುವವರ ಮಾತಿನಲ್ಲೂ ತೂಕವಿದೆ. ಆದರೆ ಒಂಬತ್ತನೇ ಕಂಬ ಈಗ ಎಲ್ಲಿಗೆ ಹೋಗಿದೆ ಎಂದು ನನಗೆ ಗೊತ್ತು. ನಮ್ಮ ಓಣಿಯಲ್ಲಿ ಲೈಟು ಮಂಕಾಗುವುದು ನಿಂತಿದೆ. ಮಂಕಾಗುವ ಜಾಗ ಕೂಗಿದರೆ ಕೇಳಿಸದಷ್ಟು ದೂರವಾಗಿದೆ.

2024ರ ಸೆಖೆಗೆ ಅಜ್ಜ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಸೋತದ್ದನ್ನು ನೋಡಿ ಮಾವ ಅವರ ಕೋಣೆಗೆ ಎಸಿ ಕೂರಿಸಿದರು. ಕುವೈತಿನಲ್ಲಿ ಸಾವಿರಾರು ಎಸಿ ಕೂರಿಸಿದ ಮನುಷ್ಯ ಸ್ವಂತ ಮನೆಗೆ ಹಾಕಿದ ಮೊದಲನೆಯದು. ಹೊರಗಿನ ಯೂನಿಟ್ ಎಲ್ಲಿಡುವುದೆಂದು ಅರ್ಧ ದಿನ ಯೋಚಿಸಿದರು. ಓಣಿಯ ಕಡೆ ಬೇಡ, ದಾರಿಯಲ್ಲಿ ಹೋಗುವವರ ಮುಖಕ್ಕೆ ಬಿಸಿ ಹೊಡೆಯುತ್ತದೆ ಎಂದು ಹಿಂದಿನ ಗೋಡೆಗೆ, ಹಲಸಿನ ಮರದ ಕಡೆಗೆ ಹಾಕಿದರು. ರಿಮೋಟ್ ಅವರ ಬಳಿಯೇ ಇರುತ್ತದೆ.

ಈ ಏಪ್ರಿಲ್‌ನಲ್ಲಿ ಅವಳು ಮದುವೆಯ ಕಾಗದ ಕೊಡಲು ತಾಯಿಯ ಜೊತೆ ಬಂದಿದ್ದಳು. ಸಂಜೆ ಏಳರ ಹೊತ್ತು. ಅಜ್ಜ ಎದ್ದು ಬರಲಾರರು ಎಂದು ಇಬ್ಬರನ್ನೂ ಕೋಣೆಗೇ ಕರೆದುಕೊಂಡು ಹೋದೆ. ಅಕ್ಕ ಬಾಗಿಲಲ್ಲೇ ನಿಂತರು, ಕೂತುಕೊಳ್ಳಿ ಎಂದು ಎರಡು ಸಲ ಹೇಳಬೇಕಾಯಿತು. ಅಜ್ಜ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಹುಡುಗನ ಊರು ಯಾವುದೆಂದು ಕೇಳಿದರು, ಹಾಲ್ ಎಲ್ಲಿ ಎಂದು ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡದೆ ಇದ್ದು, ಅಕ್ಕನ ಕಡೆ ತಿರುಗಿ ಕೇಳಿದರು:

"ನಿಮ್ಮಲ್ಲಿ ಈಗ ಲೈಟ್ ಸರಿ ಉಂಟಾ?"

"ಈಗ ಸರಿ ಉಂಟು" ಎಂದರು ಅಕ್ಕ.

ಅಜ್ಜ ತಲೆಯಾಡಿಸಿದರು. ಮಾವ ಎದ್ದು ಎಸಿ ಆರಿಸಿ ಕಿಟಕಿ ತೆರೆದರು. ನಾನು ಚಹಾ ತರಲು ಒಳಗೆ ಹೋದೆ.